ಮನೆವಾರ್ತೆ: ಫಿಲ್ಮಿನಲ್ಲಿ ಮಿತವ್ಯಯ

ಛಾಯಾಚಿತ್ರದಲ್ಲಿ ಅಭಿರುಚಿಯುಳ್ಳ ಗೃಹಸ್ಥರಿಗೆ ಫಿಲ್ಮಿನ ವೆಚ್ಚವೇ ದೊಡ್ಡ ಚಿಂತೆಯು. 1934ರಲ್ಲಿ ಕೊಡಕ್ ಸಂಸ್ಥೆಯವರು 35 ಮಿಲಿಮೀಟರ್ ಫಿಲ್ಮನ್ನು ಡಬ್ಬಿಯಲ್ಲಿ ತುಂಬಿಯೇ ಮಾರತೊಡಗುವುದಕ್ಕೆ ಮುನ್ನ, ಲೈಕಾ ಕ್ಯಾಮೆರಾವುಳ್ಳವರು ಕತ್ತಲೆಯಲ್ಲಿ ತಾವೇ ತುಂಬಿಕೊಳ್ಳುತ್ತಿದ್ದರು. ಆ ಪದ್ಧತಿಯನ್ನು ಇಂದಿಗೂ ಅನುಸರಿಸಬಹುದು.

100 ಅಡಿಯ ಸುರುಳಿಯೊಂದರಿಂದ 36 ಚಿತ್ರಗಳ ಡಬ್ಬಿಗಳು ಸುಮಾರು 18 ಆಗುವುವು. ಬಿಡಿ ಡಬ್ಬಿಗಳ ಬೆಲೆಯೊಡನೆ ಹೋಲಿಸಿ ನೋಡಿದ ಬಳಿಕವೇ ಕೊಳ್ಳತಕ್ಕುದು. ಸುರುಳಿಯನ್ನು ತುಂಬುವ ಯಂತ್ರದೊಳಗಿಡುವಾಗ ಕೆಂಪು ದೀಪವೂ ಕೂಡದು, ಗಾಢಾಂಧಕಾರವೇ ಬೇಕು. ಡಬ್ಬಿಯ ಬಾಯಿಯ ಮಖಮಲ್ಲಿನಲ್ಲಿ ಧೂಳು ಕುಳಿತರೆ ಫಿಲ್ಮಿನ ಉದ್ದಕ್ಕೂ ಗೀರು ಬೀಳುವುದು.

ಇನ್ನೊಂದು ಮಾತನ್ನು ನಾವು ನಷ್ಟಪಟ್ಟು ಕಲಿತೆವು. ಫಿಲ್ಮಿನ ತುದಿಯನ್ನು ಡಬ್ಬಿಯ ತಿರುಗಣಿಗೆ ಅಂಟಿಸುವಾಗ ಆ ತುದಿಗೆ ಬೆಳಕು ತಗಲಿರುವುದು. ಕ್ಯಾಮೆರಾದಲ್ಲಿ ಅದೇ ಕಡೆಯ ಚಿತ್ರವಾಗಿ ಬರುವುದು. ನಮ್ಮ ವೃದ್ಧ ಸೋದರತ್ತೆಯವರು ಜಗಲಿಯ ಮೇಲೆ ನಗುತ್ತ ಕುಳಿತಿದ್ದುದನ್ನು ನಾವು ಆ ಕಡೆಯ ಚಿತ್ರದಲ್ಲಿ ಹಿಡಿದಿದ್ದೆವು. ತೊಳೆದು ನೋಡಿದರೆ ನೆಗೆಟಿವ್ ಬರಿಯ ಕಪ್ಪು. ಮುಂದಿನ ಡಬ್ಬಿಯನ್ನು ತುಂಬುವಷ್ಟರಲ್ಲಿ ಅವರೇ ಇರಲಿಲ್ಲ.

ಆದುದರಿಂದ ವಾಚಕರು ಕಡೆಯ ಎರಡು ಚಿತ್ರಗಳನ್ನು ಲೆಕ್ಕಕ್ಕೆ ಹಿಡಿಯದಿರಲಿ. ಆ ಮೂರಂಗುಲದ ಲೋಭವು ಉಳಿತಾಯವಲ್ಲ.