ಪ್ರಶ್ನೆ ಆಕೆಗೇ ಕೇಳಿ

ರಾಜಕಾರಣಿಯ ಹೆಂಡತಿ ಚುನಾವಣೆಗೆ ನಿಂತರೆ ಸಾಕು, ಮೊದಲು ಮೂಗು ಮುರಿಯುವವರು ನಾವು ಹೆಂಗಸರೇ. ‘ಗಂಡನ ಹೆಸರಿನ ಮೇಲೆ ಬಂದಾಳ ಬಿಡ್ರಿ’ ಅಂತೀವಿ. ಹೌದು ತಾನೇ?

ವಿಜಯಪುರ ಜಿಲ್ಲೆಯನ್ನೇ ನೋಡಿ. ಮುದ್ದೇಬಿಹಾಳದಲ್ಲಿ ಜಗದೇವರಾವ್ ದೇಶಮುಖರ ಪತ್ನಿ ವಿಮಲಾಬಾಯಿ 1994ರಲ್ಲಿ ಗೆದ್ದು ಶಾಸಕಿಯಾದರು. 2019ರಲ್ಲಿ, ಆಗ ನಾಗಠಾಣ ಶಾಸಕರಾಗಿದ್ದ ದೇವಾನಂದ ಚವ್ಹಾಣರ ಪತ್ನಿ ಸುನೀತಾ ಲೋಕಸಭೆಗೆ ನಿಂತು ಸೋತರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳು, ಅದೂ ಏಪ್ರಿಲ್ ಬಿಸಿಲಲ್ಲಿ!

ಸಿಂದಗಿಯ ವಿಶಾಲಾಕ್ಷಿ ಪಾಟೀಲರ ಕಥೆ ಇನ್ನೂ ಕಷ್ಟದ್ದು. ಜೆಡಿಎಸ್ ಅಭ್ಯರ್ಥಿಯಾಗಬೇಕಿದ್ದ ಪತಿ ಶಿವಾನಂದ ಪಾಟೀಲ 2023ರ ಜನವರಿಯಲ್ಲಿ ತೀರಿಕೊಂಡರು. ಮೇ ತಿಂಗಳ ಚುನಾವಣೆಗೆ ಆಕೆಯೇ ಅಭ್ಯರ್ಥಿ. ದುಃಖ ನುಂಗಿ ಮತ ಕೇಳಬೇಕು, ಸೋಲನ್ನೂ ನುಂಗಬೇಕು. ಅಲ್ಲಿ ಗೆದ್ದ ಅಶೋಕ ಮನಗೂಳಿ ಮಾಜಿ ಸಚಿವ ಎಂ.ಸಿ. ಮನಗೂಳಿಯವರ ಮಗ. ಅಪ್ಪನ ಹೆಸರಿನ ಮೇಲೆ ಬಂದ ಮಗ ‘ವಾರಸುದಾರ’. ಗಂಡನ ಹೆಸರಿನ ಮೇಲೆ ಬಂದ ಹೆಂಡತಿ ಮಾತ್ರ ‘ಡಮ್ಮಿ’. ಇದ್ಯಾವ ನ್ಯಾಯ?

ಹಾಗಂತ ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ವೋಟು ಹಾಕಿ ಅಂತ ನಾನು ಹೇಳೋದಿಲ್ಲ. ಗಂಡನ ಹೆಸರು ಬಾಗಿಲು ತೆರೆಯಬಹುದು, ಒಳಗೆ ಹೋದ ಮೇಲೆ ಕೆಲಸ ಆಕೆಯದೇ ಆಗಬೇಕು. ಗ್ರಾಮ ಪಂಚಾಯ್ತಿಯಲ್ಲಿ ಅಧ್ಯಕ್ಷೆಯ ಕುರ್ಚಿಯ ಪಕ್ಕ ಕೂತು ‘ಅಧ್ಯಕ್ಷರ ಪತಿ’ ದರಬಾರು ನಡೆಸೋದನ್ನು ನಾವೆಲ್ಲ ಕಂಡವರೇ.

ಮುಂದಿನ ಸಲ ಅಂಥ ಅಭ್ಯರ್ಥಿ ನಿಮ್ಮ ಮನೆಗೆ ಬಂದರೆ ಕುಂಕುಮ ಕೊಟ್ಟು ಕಳಿಸಿಬಿಡಬೇಡಿ. ಕೂರಿಸಿ, ‘ನಮ್ಮ ಓಣಿಯ ನೀರಿಗೆ ಏನು ಮಾಡ್ತೀರಿ?’ ಅಂತ ಕೇಳಿ. ಪಕ್ಕದಲ್ಲಿದ್ದ ಗಂಡ ಬಾಯಿ ಹಾಕಿದರೆ, ನಗುತ್ತಲೇ ಹೇಳಿ: ‘ತಡೀರಿ ಸಾಹೇಬ್ರ, ಅವರು ಹೇಳಲಿ.’