ಮರ ಬೇಡ, ಕೊಂಬೆ ಸಾಕು

ಡಿಸೆಂಬರ್ ಬಂತೆಂದರೆ ಮಕ್ಕಳದ್ದು ಒಂದೇ ವರಾತ: 'ಅಮ್ಮಾ, ನಮ್ಮನೇಲೂ ಕ್ರಿಸ್‌ಮಸ್ ಟ್ರೀ ಇಡೋಣ.' ಕ್ರೈಸ್ತರ ಮನೆಗಳಲ್ಲಿ ಗೋದಲಿಯ ಪಕ್ಕದಲ್ಲೊಂದು ಮರ ನಿಲ್ಲಿಸುವುದು ಹಬ್ಬದ್ದೇ ಭಾಗ. ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯ ಮರ ನೋಡಿದ ಮೇಲೆ ಉಳಿದ ಮನೆಯ ಮಕ್ಕಳು ಸುಮ್ಮನಿರುತ್ತಾರೆಯೇ? ಅಂಗಡಿಯ ಪ್ಲಾಸ್ಟಿಕ್ ಮರ ಕಂಡು ಬೇಸರವಾದವರು ಈಗ ಬೇರೆ ದಾರಿ ಹುಡುಕುತ್ತಿದ್ದಾರೆ. 'ಹೇಗೂ ಊರಿಗೆ ಹೋಗ್ತೀವಲ್ಲ, ಅಲ್ಲೇ ಒಂದು ಮರ ಕಡಿದು ಕಾರಿನ ಮೇಲೆ ಕಟ್ಟಿಕೊಂಡು ಬಂದ್ರಾಯ್ತು' ಎನ್ನುವ ಲೆಕ್ಕಾಚಾರ.

ನಿಜವಾದ ಹಸಿರು ಬೇಕೆನ್ನುವ ಆಸೆ ತಪ್ಪೇನಲ್ಲ. ಆದರೆ ಹತ್ತು ಹನ್ನೆರಡು ದಿನದ ಸಂಭ್ರಮಕ್ಕೆ ಇಡೀ ಮರವೇ ಬೇಕಾ? ಇದಕ್ಕೆ ಉತ್ತರ ನಮ್ಮ ಹಬ್ಬಗಳಲ್ಲೇ ಇದೆ. ಯುಗಾದಿಗೆ ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತೇವೆ. ಎಲೆ ಕೀಳುತ್ತೇವೆಯೇ ಹೊರತು ಮಾವಿನ ಮರಕ್ಕೆ ಕೊಡಲಿ ಹಾಕುವುದಿಲ್ಲ. ಕ್ರಿಸ್‌ಮಸ್ ಮರಕ್ಕೂ ಇದೇ ಪದ್ಧತಿ ಸಾಕು.

ನಮ್ಮ ಮಣ್ಣಿನಲ್ಲಿ ಯಾವ ಮರ?

ಈ ಪದ್ಧತಿ ಜರ್ಮನಿಯಿಂದ ಬಂದದ್ದು. ಅಲ್ಲಿಯ ಗುಡ್ಡಗಳಲ್ಲಿ ಫರ್, ಸ್ಪ್ರೂಸ್ ಮರಗಳಿದ್ದವು, ಅವರು ಅವನ್ನೇ ಮನೆಗೆ ತಂದರು. 1848ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬ ಅಲಂಕರಿಸಿದ ಮರದ ಸುತ್ತ ನಿಂತಿರುವ ಚಿತ್ರ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬಂತು. ಅಲ್ಲಿಂದ ಮುಂದೆ ಅದು ಮನೆಮನೆಯ ರೂಢಿಯಾಯಿತು. ಅಂದರೆ ಊರಲ್ಲಿ ಏನು ಬೆಳೆಯುತ್ತದೋ ಅದನ್ನು ಸಿಂಗರಿಸುವುದೇ ಇದರ ಮೂಲ.

ಈಗ ನಮ್ಮ ಕಡೂರು ತಾಲ್ಲೂಕಿನ ದೇವನೂರನ್ನೇ ತೆಗೆದುಕೊಳ್ಳಿ. 'ಜೈಮಿನಿ ಭಾರತ' ಬರೆದ ಲಕ್ಷ್ಮೀಶ ಕವಿಯ ಊರೆಂದು ಹೆಸರಾದ ಊರು. ಆ ಬಯಲುಸೀಮೆಯಲ್ಲಿ ತೆಂಗು, ರಾಗಿ ಸಿಕ್ಕೀತೇ ಹೊರತು ಫರ್ ಮರ ಎಲ್ಲಿಂದ ಬರಬೇಕು? ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಹಿಂದಿನಿಂದಲೂ ಒದಗಿ ಬಂದಿರುವುದು ಸರ್ವೆ ಮರ. ಗಾಳಿಮರ ಅಂತಲೂ ಕರೆಯುತ್ತಾರೆ. ಮನೆ ಕಟ್ಟುವಾಗ ಸಾರ್ವೆಗೆ ಕಂಬ ನಿಲ್ಲಿಸುತ್ತಾರಲ್ಲ, ಅದೇ. ನೋಡಲು ಪೈನ್ ಮರದಂತಿದ್ದರೂ ಅದರ ಜಾತಿಯೇ ಬೇರೆ. ನಾವು ಎಲೆ ಅಂದುಕೊಂಡಿರುವ ಹಸಿರು ಸೂಜಿಗಳು ನಿಜಕ್ಕೂ ಅದರ ಪುಟ್ಟ ರೆಂಬೆಗಳು. ಎಲೆಗಳು ಆ ಗೆಣ್ಣುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಾಗಿರುತ್ತವೆ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ.

ಸರ್ವೆಯನ್ನು ಬುಡಕ್ಕೆ ಕಡಿದರೆ ಮತ್ತೆ ಚಿಗುರುವುದು ಕಷ್ಟ. ಪಕ್ಕದ ಕೊಂಬೆ ಸವರಿದರೆ ಮರಕ್ಕೆ ತೊಂದರೆಯಿಲ್ಲ. ಕಂಬ ನೇರವಾಗಿ ಬರಲಿ ಎಂದು ತೋಟದವರು ಹೇಗೂ ಕೆಳಗಿನ ಕೊಂಬೆಗಳನ್ನು ಸವರುತ್ತಾರೆ. ಅವರನ್ನು ಕೇಳಿ ನಾಲ್ಕೈದು ಕೊಂಬೆ ತಂದರೆ ನಿಮ್ಮ ಮರ ಸಿದ್ಧವಾದಂತೆಯೇ. ಕಾಫಿ ತೋಟದ ನೆಂಟರಿದ್ದರೆ ಸವರಿದ ಸಿಲ್ವರ್ ಓಕ್ ಕೊಂಬೆಯೂ ಆದೀತು.

ಒಂದು ಎಚ್ಚರ. ಸ್ವಂತ ಜಮೀನಿನ ಸರ್ವೆ, ಸಿಲ್ವರ್ ಓಕ್‌ಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಕಾಡಿನಿಂದ, ಕಾವಲಿನಿಂದ, ರಸ್ತೆ ಬದಿಯಿಂದ ಕಡಿದು ತಂದರೆ ಅದು ಅಪರಾಧ. 'ಒಂದು ಸಣ್ಣ ಗಿಡ ತಾನೇ' ಎನ್ನಬೇಡಿ. ತರೀಕೆರೆಯ ಮಗ್ಗುಲಿಗೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿದೆ. ಕಡೂರಿನ ಬಾಸೂರು ಅಮೃತಮಹಲ್ ಕಾವಲನ್ನು ಕೃಷ್ಣಮೃಗಗಳಿಗಾಗಿ 2011ರಲ್ಲೇ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಅಲ್ಲಿನ ಒಂದೊಂದು ಗಿಡಕ್ಕೂ ಅದರದ್ದೇ ಕೆಲಸವಿದೆ.

ನಿಲ್ಲಿಸುವುದು ಹೇಗೆ?

ತಂದ ಕೊಂಬೆಗಳನ್ನು ಮೊದಲು ಹೊರಗೇ ಜೋರಾಗಿ ಕೊಡವಿ. ಇರುವೆ, ಜೇಡ, ಹುಳಗಳು ಉದುರಲಿ. ಒಂದು ರಾತ್ರಿ ಬಾಲ್ಕನಿಯಲ್ಲೇ ಬಕೆಟ್ ನೀರಿನಲ್ಲಿಟ್ಟು ಮರುದಿನ ಒಳಗೆ ತನ್ನಿ.

ಕಡಿದ ಜಾಗ ಒಣಗಿದರೆ ಕೊಂಬೆ ನೀರು ಎಳೆಯುವುದಿಲ್ಲ. ಆದ್ದರಿಂದ ನಿಲ್ಲಿಸುವ ಮುನ್ನ ಬುಡದಲ್ಲಿ ಒಂದು ಇಂಚಿನಷ್ಟನ್ನು ಗರಗಸದಿಂದ ನೇರವಾಗಿ ಕೊಯ್ದು ತೆಗೆಯಿರಿ, ಕೂಡಲೇ ನೀರಿಗಿಡಿ. ಬುಡದ ತೊಗಟೆ ಕೆರೆಯಬೇಡಿ, ನೀರು ಎಳೆಯುವ ಶಕ್ತಿ ಅಲ್ಲೇ ಇರುವುದು.

ಖಾಲಿಯಾದ 20 ಲೀಟರಿನ ಪೇಂಟ್ ಬಕೆಟ್ಟೇ ಸ್ಟ್ಯಾಂಡ್. ಅತಿ ಎತ್ತರದ ಕೊಂಬೆಯನ್ನು ನಡುವೆ ನಿಲ್ಲಿಸಿ, ಸುತ್ತ ಗಿಡ್ಡನೆಯವನ್ನು ಜೋಡಿಸುತ್ತಾ ಬನ್ನಿ. ಎಲ್ಲದರ ಬುಡವೂ ಬಕೆಟ್ಟಿನ ತಳ ಮುಟ್ಟಬೇಕು. ಸೆಣಬಿನ ಹುರಿಯಿಂದ ಎರಡು ಕಡೆ ಸಡಿಲವಾಗಿ ಕಟ್ಟಿದರೆ ಗೋಪುರದ ಆಕಾರ ತಾನಾಗಿಯೇ ಬರುತ್ತದೆ. ಸಂದಿಗೆ ಮರಳು ತುಂಬಿ, ಮೇಲಿನವರೆಗೂ ನೀರು ಹಾಕಿ. ಫ್ಲ್ಯಾಟಿನ ಹಾಲ್‌ಗೆ ನಾಲ್ಕರಿಂದ ಐದು ಅಡಿ ಎತ್ತರ ಧಾರಾಳ. ಅಂಬೆಗಾಲಿಡುವ ಮಗುವಿದ್ದರೆ ಮರವನ್ನು ಕಿಟಕಿಯ ಗ್ರಿಲ್ಲಿಗೊಂದು ದಾರದಿಂದ ಬಿಗಿದುಬಿಡಿ.

ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕುವಾಗ ಇದಕ್ಕೂ ಒಂದು ಚೊಂಬು ಹಾಕಿ. ಮರಳು ಸದಾ ಹಸಿಯಾಗಿರಲಿ. ಸಕ್ಕರೆ, ಆಸ್ಪಿರಿನ್ ಮಾತ್ರೆ ಅಂತೆಲ್ಲಾ ಹೇಳುತ್ತಾರೆ, ಏನೂ ಬೇಡ, ಬರೀ ನೀರು ಸಾಕು. ಆದರೆ ಮರಳಿನ ಮೇಲೆ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಸೊಳ್ಳೆ ಮೊಟ್ಟೆಯಿಟ್ಟರೆ ಎಂಟು ಹತ್ತು ದಿನದಲ್ಲಿ ಹೊಸ ಸೊಳ್ಳೆ ಹಾರುತ್ತದೆ.

ಬೆಂಕಿಯ ಬಗ್ಗೆ ಎರಡು ಮಾತು

ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸರ್ವೆ ಸೌದೆ ಹಸಿಯಾಗಿದ್ದರೂ ಉರಿಯುತ್ತದೆ ಎನ್ನುವುದು ಹಳ್ಳಿಯ ಹೆಂಗಸರಿಗೆಲ್ಲಾ ಗೊತ್ತು. ಇನ್ನು ಒಣಗಿದ ಸೂಜಿಗಳ ಗತಿ ಕೇಳಬೇಕೆ? ಹಿಂದೆ ಯುರೋಪಿನಲ್ಲಿ ಮರದ ಮೇಲೆ ಮೇಣದಬತ್ತಿ ಹಚ್ಚುತ್ತಿದ್ದರು, ಪಕ್ಕದಲ್ಲೇ ನೀರಿನ ಬಕೆಟ್ ಇಟ್ಟುಕೊಂಡು! 1882ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಬಾರಿಗೆ ಮರಕ್ಕೆ ವಿದ್ಯುತ್ ದೀಪ ಹಾಕಿದರು. ಮೇಣದಬತ್ತಿ, ಹಣತೆ ಏನಿದ್ದರೂ ಮರದಿಂದ ದೂರವಿರಲಿ.

ಸೀರಿಯಲ್ ಸೆಟ್ ಕೊಳ್ಳುವಾಗ ಎಲ್‌ಇಡಿಯದ್ದೇ ಕೊಳ್ಳಿ, ಅದು ಹೆಚ್ಚು ಕಾಯುವುದಿಲ್ಲ. ಹಳೆಯದನ್ನು ಅಟ್ಟದಿಂದ ಇಳಿಸಿದ್ದರೆ ವೈರನ್ನು ಕೈಯಲ್ಲಿ ಪೂರ್ತಿ ಸವರಿ ನೋಡಿ (ಪ್ಲಗ್ ಹಾಕುವ ಮುನ್ನ!). ಇಲಿ ಕಡಿದಿದ್ದರೆ, ಟೇಪು ಸುತ್ತಿದ್ದರೆ ಎಸೆಯಿರಿ. ಸ್ವಿಚ್‌ಬೋರ್ಡಿನ ವೈರು ಬಕೆಟ್ಟಿನ ನೀರಿನ ಹತ್ತಿರ ಬರಕೂಡದು. ಮಲಗುವಾಗ, ಹೊರಗೆ ಹೋಗುವಾಗ ಸ್ವಿಚ್ ಆಫ್. ಹಿಮದ ಹಾಗೆ ಕಾಣಲೆಂದು ಹತ್ತಿ ಅಂಟಿಸುವ ಚಾಳಿ ಬೇಡವೇ ಬೇಡ. ಕೈಯಲ್ಲಿ ಮುಟ್ಟಿದರೆ ಸೂಜಿಗಳು ಪಟಪಟ ಮುರಿದು ಉದುರುತ್ತಿವೆ ಅಂದರೆ, ಹಬ್ಬ ಮುಗಿಯದಿದ್ದರೂ ಸರಿ, ಮರ ತೆಗೆದುಬಿಡಿ.

ಸಿಂಗಾರ ನಮ್ಮದೇ ಇರಲಿ

ಮೊದಲು ದೀಪ, ಒಳಗಿನಿಂದ ಹೊರಕ್ಕೆ. ಆಮೇಲೆ ಭಾರದ ವಸ್ತುಗಳನ್ನು ಒಳಗಿನ ದಪ್ಪ ಕೊಂಬೆಗೆ, ಹಗುರದವನ್ನು ತುದಿಗೆ ಕಟ್ಟಿ. ಸರ್ವೆಯ ತುದಿ ಬಹಳ ನಾಜೂಕು, ಭಾರ ತಡೆಯುವುದಿಲ್ಲ.

ಪ್ಲಾಸ್ಟಿಕ್ ಗುಂಡುಗಳಿಗೆ ದುಡ್ಡು ಸುರಿಯಬೇಕಾಗಿಲ್ಲ. ಕಡೂರು, ತರೀಕೆರೆ ಕಡೆಯ ತೋಟಗಳಲ್ಲಿ ಬಿದ್ದಿರುವ ಅಡಿಕೆ ಹಾಳೆಯನ್ನು ನೆನೆಸಿ ಕತ್ತರಿಸಿದರೆ ಸೊಗಸಾದ ನಕ್ಷತ್ರಗಳಾಗುತ್ತವೆ. ಜೋಡಿ ತಪ್ಪಿದ ಗಾಜಿನ ಬಳೆಗಳನ್ನು ಕೆಂಪು ದಾರದಲ್ಲಿ ಇಳಿಬಿಡಿ, ದೀಪದ ಬೆಳಕಿಗೆ ಹೇಗೆ ಹೊಳೆಯುತ್ತವೆ ನೋಡಿ. ನವರಾತ್ರಿಯ ಪೆಟ್ಟಿಗೆಯಲ್ಲಿ ಚನ್ನಪಟ್ಟಣದ ಪುಟ್ಟ ಗೊಂಬೆಗಳಿದ್ದರೆ ಅವೂ ಈ ಮರ ಏರಲಿ.

ಗೋದಲಿ ಇಡುವವರು ಹಬ್ಬಕ್ಕೆ ಹತ್ತು ದಿನ ಮೊದಲು ರಾಗಿಯನ್ನು ರಾತ್ರಿಯಿಡೀ ನೆನೆಸಿ, ತಟ್ಟೆಯಲ್ಲಿ ತೆಳ್ಳಗೆ ಮಣ್ಣು ಹರಡಿ ಚೆಲ್ಲಿರಿ. ಕ್ರಿಸ್‌ಮಸ್ ಹೊತ್ತಿಗೆ ಹಸಿರು ಹುಲ್ಲುಗಾವಲು ತಯಾರು. ನೀರು ಚಿಮುಕಿಸುವ ಕೆಲಸ ಮಕ್ಕಳಿಗೆ ವಹಿಸಿಬಿಡಿ.

ಹಬ್ಬ ಮುಗಿದ ಮೇಲೆ

ಜನವರಿ 6ರ ಮೂವರು ರಾಯರ ಹಬ್ಬಕ್ಕೆ ಮರ ಇಳಿಸುವುದು ರೂಢಿ. ಮರುದಿನ ಅದನ್ನು ರಸ್ತೆ ತಿರುವಿನಲ್ಲಿ ಎಸೆದು ಕೈತೊಳೆದುಕೊಳ್ಳಬೇಡಿ. ಸೂಜಿಗಳನ್ನು ಉದುರಿಸಿ ಕುಂಡಗಳ ಮಣ್ಣಿನ ಮೇಲೆ ಹರಡಿ, ತೇವ ಆರುವುದಿಲ್ಲ. ಕೋಲುಗಳು ಬೇಸಿಗೆಯಲ್ಲಿ ಟೊಮೆಟೊ, ಅವರೆ ಬಳ್ಳಿಗೆ ಊರೆಗೋಲಾಗುತ್ತವೆ.

ವರ್ಷ ವರ್ಷವೂ ಕೊಂಬೆ ಹುಡುಕುವ ತಾಪತ್ರಯ ಬೇಡ ಎನ್ನುವವರಿಗೆ ನರ್ಸರಿಯಲ್ಲಿ ಅರೌಕೇರಿಯ ಸಸಿ ಸಿಗುತ್ತದೆ. ಲಾಲ್‌ಬಾಗಿನಲ್ಲಿ ಮುಗಿಲೆತ್ತರಕ್ಕೆ ನಿಂತ ಅದರ ಮರಗಳನ್ನು ನೀವೂ ನೋಡಿರುತ್ತೀರಿ. ಕುಂಡದಲ್ಲಿ ಬೆಳಕಿರುವ ಕಡೆ ಇಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ತುದಿ ಮಾತ್ರ ಚಿವುಟಬೇಡಿ, ಆಕಾರ ಕೆಡುತ್ತದೆ.

ಮರವಾದರೂ ಕೊಂಬೆಯಾದರೂ ಮಕ್ಕಳು ನೋಡುವುದು ಅದರ ದೀಪ, ನಕ್ಷತ್ರ. ಕಡಿದ ಕೊಂಬೆಗೂ ಬಾಯಾರಿಕೆ ಇದೆ, ದಿನಾ ನೀರು ಬೇಕು ಎಂದು ಕಲಿತರೆ ಅವರಿಗೆ ಈ ಹಬ್ಬದಿಂದ ಸಿಕ್ಕ ಉಡುಗೊರೆ ಅದು. ಮುಂದಿನ ವರ್ಷ ಅದೇ ತೋಟಕ್ಕೆ ಕರೆದುಕೊಂಡು ಹೋಗಿ, ನೀವು ಕೊಂಬೆ ತಂದ ಮರ ಇನ್ನಷ್ಟು ಎತ್ತರವಾಗಿ ನಿಂತಿರುವುದನ್ನು ತೋರಿಸಿ. ಏನಂತೀರಿ?