ನಿರಾಶ್ರಿತರಿಗೆ ಪ್ರೀತಿ ಯಾಕೆ ಎಂದು ಕೇಳುವವರಿಗೆ



ಕಳೆದ ತಿಂಗಳು ಮಡಿಕೇರಿ ಸಮೀಪದ ಶಾಲೆಯೊಂದರಲ್ಲಿ ಹತ್ತನೆಯ ತರಗತಿಯ ಮಕ್ಕಳೆದುರು ಆನ್ ಫ್ರಾಂಕಳ ದಿನಚರಿಯ ಕುರಿತು ಮಾತನಾಡುವ ಅವಕಾಶ ದೊರೆಯಿತು. ಅವರ ಇಂಗ್ಲಿಷ್ ಪಠ್ಯದಲ್ಲಿ ಆ ದಿನಚರಿಯ ಒಂದು ತುಣುಕಿದೆ. ತರಗತಿಯಲ್ಲಿ ಬಹಳ ಹರಟುವ ಹುಡುಗಿಗೆ ಗಣಿತದ ಮೇಷ್ಟ್ರು ಪ್ರಬಂಧ ಬರೆಯುವ ಶಿಕ್ಷೆ ಕೊಡುವ ತಮಾಷೆಯ ಭಾಗವದು. ನಾನು ಅಷ್ಟಕ್ಕೇ ನಿಲ್ಲಿಸದೆ, ಅಡಗುತಾಣದಲ್ಲಿ ಆಕೆಗೂ ಪೀಟರನಿಗೂ ನಡುವೆ ಮೂಡಿದ ಒಲವಿನ ವಿಷಯವನ್ನೂ ಹೇಳಿದೆ. ಮಕ್ಕಳು ಕಿವಿಗೊಟ್ಟು ಕೇಳಿದರು.

ಅದೇ ವಾರ ಬಂಧುಗಳೊಬ್ಬರ ಗೃಹಪ್ರವೇಶದಲ್ಲಿ, ಆ ತರಗತಿಯ ಹುಡುಗಿಯೊಬ್ಬಳ ಅಜ್ಜ ನನ್ನನ್ನು ತಡೆದು ನಿಲ್ಲಿಸಿದರು. “ಅಲ್ಲ ಮೇಷ್ಟ್ರೇ, ಪ್ರಾಣ ಉಳಿಸಿಕೊಳ್ಳಲು ಅಡಗಿ ಕೂತವರಿಗೆ ಪ್ರೀತಿ ಪ್ರೇಮ ಯಾಕೆ ಬೇಕಿತ್ತು? ಬೇಕಿತ್ತು ಅಂತಲೇ ಇಟ್ಟುಕೊಳ್ಳಿ, ಅದನ್ನು ನೀವು ಮಕ್ಕಳಿಗೆ ಹೇಳಬೇಕಿತ್ತೇ?” ಎಂದರು. ಸುತ್ತಲಿದ್ದವರೂ ತಲೆಯಾಡಿಸಿದರು. ಊಟದ ಹೊತ್ತಿನಲ್ಲಿ ವಾದ ಬೇಡವೆಂದು ಸುಮ್ಮನಾದೆ. ಆದರೆ ಆ ಮಾತು ತಪ್ಪು. ಯಾಕೆ ತಪ್ಪು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಮೊದಲು ಸಂಗತಿಗಳನ್ನು ನೋಡೋಣ. ಆನ್ 1929ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದವಳು, ಪೀಟರ್ ಫಾನ್ ಪೆಲ್ಸ್ 1926ರಲ್ಲಿ ಓಸ್ನಾಬ್ರೂಕಿನಲ್ಲಿ. ಹಿಟ್ಲರನ ಕಾಟಕ್ಕೆ ಹೆದರಿ ಎರಡೂ ಯಹೂದಿ ಕುಟುಂಬಗಳು ಆಮ್‌ಸ್ಟರ್‌ಡಾಮಿಗೆ ಓಡಿಬಂದಿದ್ದವು. ಯುದ್ಧ ಅಲ್ಲಿಗೂ ಬಂದಾಗ, 1942ರ ಜುಲೈಯಿಂದ ಒಂದು ಕಟ್ಟಡದ ಹಿಂಭಾಗದಲ್ಲಿ ಅಡಗಿದರು. ಒಟ್ಟು 8 ಜನ, 2 ವರ್ಷಕ್ಕೂ ಮೇಲೆ. ಹಗಲಿನಲ್ಲಿ ನೀರು ಬಿಡುವಂತಿಲ್ಲ, ಕೆಮ್ಮುವಂತಿಲ್ಲ. 1944ರ ಏಪ್ರಿಲ್‌ನಲ್ಲಿ, ಆಕೆಗೆ ಇನ್ನೂ 15 ತುಂಬುವ ಮೊದಲು, ಮೊದಲ ಮುತ್ತಿನ ವಿಷಯವನ್ನು ದಿನಚರಿಯಲ್ಲಿ ಬರೆದಳು. ಕೆಲವೇ ತಿಂಗಳಲ್ಲಿ ಆ ಹುಡುಗನ ಬಗ್ಗೆ ತನಗೆ ಮೂಡಿದ ನಿರಾಸೆಯನ್ನೂ ಅಷ್ಟೇ ಪ್ರಾಮಾಣಿಕವಾಗಿ ಬರೆದಳು. ಆಗಸ್ಟ್ 4ರಂದು ಎಲ್ಲರೂ ಸೆರೆಯಾದರು. 1945ರ ಆರಂಭದಲ್ಲಿ ಆಕೆ ಬರ್ಗನ್-ಬೆಲ್ಸನ್ ಶಿಬಿರದಲ್ಲಿ ತೀರಿಕೊಂಡಳು, ಮೇ ತಿಂಗಳಲ್ಲಿ ಪೀಟರ್ ಮೌಟ್‌ಹೌಸನ್‌ನಲ್ಲಿ. ಆ 8 ಜನರಲ್ಲಿ ಉಳಿದವರು ಆನ್‌ಳ ತಂದೆ ಒಬ್ಬರೇ.

ಆ ತಂದೆ 1947ರಲ್ಲಿ ದಿನಚರಿಯನ್ನು ಪ್ರಕಟಿಸುವಾಗ ಕೆಲವು ಭಾಗಗಳನ್ನು ತೆಗೆದರು. ಮಗಳು ತನ್ನ ದೇಹದ ಕುರಿತು ಬರೆದದ್ದು, ತಾಯಿಯ ಮೇಲಿನ ಕಟು ಮಾತುಗಳು ಬಿಟ್ಟುಹೋದವು. ಆದರೆ ಪೀಟರನನ್ನು ಅವರು ತೆಗೆಯಲಿಲ್ಲ. ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಳೆದುಕೊಂಡ ತಂದೆಗೆ, ಮಗಳ ಒಲವು ಮರೆಮಾಚಬೇಕಾದ ಸಂಗತಿ ಎನಿಸಲಿಲ್ಲ. ಹಾಗಿರುವಾಗ ಅದನ್ನು ತೆಗೆದುಹಾಕಲು ನಾವು ಯಾರು?

ಇನ್ನೊಂದು ಸಂಗತಿ. ಆಕೆ ಸತ್ತ ಅದೇ ಬರ್ಗನ್-ಬೆಲ್ಸನ್‌ನ ಪಕ್ಕದ ಸೈನಿಕ ವಸತಿಗಳಲ್ಲಿ, ಯುದ್ಧ ಮುಗಿದ ಮೇಲೆ ಬದುಕುಳಿದ ಯಹೂದಿಗಳ ಶಿಬಿರ ನಡೆಯಿತು. ತಂದೆತಾಯಿ, ಊರುಮನೆ ಎಲ್ಲವನ್ನೂ ಕಳೆದುಕೊಂಡ ತರುಣ ತರುಣಿಯರು ಅಲ್ಲಿ ಒಬ್ಬರನ್ನೊಬ್ಬರು ಕಂಡು ಮೆಚ್ಚಿ ಮದುವೆಯಾದರು. ಐದು ವರ್ಷಗಳಲ್ಲಿ ಆ ಶಿಬಿರದಲ್ಲಿ 2,000ಕ್ಕೂ ಹೆಚ್ಚು ಮಕ್ಕಳು ಹುಟ್ಟಿದವು. ಇಂಥ ಹೊತ್ತಿನಲ್ಲಿ ಪ್ರೀತಿ ಯಾಕೆ ಎಂದು ಕೇಳುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ?

ಯೂರೋಪು ದೂರ ಎನ್ನುವಿರಾದರೆ ನಮ್ಮ ಕೊಡಗಿಗೇ ಬರೋಣ. 2018ರ ಆಗಸ್ಟ್ ತಿಂಗಳನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲ, ಕಾಲೂರುಗಳ ಗುಡ್ಡಗಳು ಜರಿದು, ನಮ್ಮವರೇ ಪರಿಹಾರ ಕೇಂದ್ರಗಳಲ್ಲಿ ಚಾಪೆ ಹಾಸಿ ಮಲಗಿದರು. ಆ ದಿನಗಳಲ್ಲಿಯೇ ಮನೆ ಕಳೆದುಕೊಂಡು ಪರಿಹಾರ ಕೇಂದ್ರದಲ್ಲಿದ್ದ ಹುಡುಗಿಯೊಬ್ಬಳ ಮದುವೆ ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದಲ್ಲಿ ನಡೆಯಿತು. ಊರೇ ಹರಸಿತು, ಪತ್ರಿಕೆಗಳು ಬರೆದವು. ‘ಇಂಥ ಸಮಯದಲ್ಲಿ ಮದುವೆ ಬೇಕೆ’ ಎಂದು ಯಾರಾದರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಹಿರಿಯರು ನೋಡಿ ಗೊತ್ತು ಮಾಡಿದರೆ ಅದು ಬದುಕಿನ ಗೆಲುವು. ಎಳೆಯರ ಮನಸ್ಸು ತಾನಾಗಿ ಅರಳಿದರೆ ಸಲ್ಲದ ಕೆಲಸ! ನಮ್ಮ ಆಕ್ಷೇಪ ನಿಜವಾಗಿ ಸಮಯದ ಕುರಿತದ್ದಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಇಷ್ಟು ಹೇಳಿ ನನ್ನನ್ನು ನಾನು ಬಿಟ್ಟುಕೊಂಡರೆ ಅಪ್ರಾಮಾಣಿಕತೆಯಾದೀತು. ಆ ಅಜ್ಜನ ಮಾತನ್ನು ಒಂದು ಕಾಲಕ್ಕೆ ನಾನೇ ಆಡಿದ್ದೆ.

ಕುಶಾಲನಗರದ ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅದರಾಚೆ ಬೈಲುಕುಪ್ಪೆ. 1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಅಲ್ಲಿ ಸುಮಾರು 3,000 ಎಕರೆ ಕಾಡುಜಮೀನನ್ನು ಗುತ್ತಿಗೆಗೆ ಕೊಟ್ಟಿತು. 1960ರ ಕೊನೆಯಿಂದ ಅವರು ಬರತೊಡಗಿದರು. ಹಿಮದ ನಾಡಿನವರು ಈ ಸೆಖೆಯಲ್ಲಿ, ಆನೆಗಳ ಕಾಟದ ನಡುವೆ, ಕಾಡು ಕಡಿದು ಜೋಳ ಬೆಳೆದರು. ನಾನು ಬಿ.ಎಡ್. ಮುಗಿಸಿ ಆ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಕೆಲಸಕ್ಕೆ ಸೇರಿದ ಹೊಸತು, 1987ನೆಯ ಇಸವಿ. ಹತ್ತನೆಯ ತರಗತಿಯಲ್ಲಿ ಒಬ್ಬ ಟಿಬೆಟನ್ ಹುಡುಗನಿದ್ದ. ಚಳಿಗಾಲದಲ್ಲಿ ಅವನ ತಾಯಿ ದೂರದ ಊರುಗಳಿಗೆ ಸ್ವೆಟರ್ ಮಾರಲು ಹೋಗುತ್ತಿದ್ದರು. ಅವನು ನಮ್ಮ ಊರಿನ ಸಹಪಾಠಿಯೊಬ್ಬಳಿಗೆ ಕನ್ನಡದಲ್ಲಿ ಬರೆದ ಕಾಗದ ನನ್ನ ಕೈಗೆ ಸಿಕ್ಕಿತು. ಅದರಲ್ಲಿ ಕೆಟ್ಟ ಮಾತು ಒಂದೂ ಇರಲಿಲ್ಲ, ಒತ್ತಕ್ಷರದ ತಪ್ಪುಗಳಿದ್ದವು. ನಾನು ಅದನ್ನು ಅಧ್ಯಾಪಕರ ಕೊಠಡಿಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು. ಹುಡುಗನನ್ನು ಕರೆಸಿ, “ನಿಮಗೆ ಇಲ್ಲಿ ಇರಲು ಜಾಗ ಕೊಟ್ಟದ್ದು ಇದಕ್ಕೇನೋ?” ಎಂದೆ. ಅವನು ಉತ್ತರ ಕೊಡಲಿಲ್ಲ. ಮರುವಾರದಿಂದ ಶಾಲೆಗೆ ಬರುವುದನ್ನೂ ಬಿಟ್ಟ.

ಈಗ ತಿಳಿದದ್ದನ್ನು ಬರೆಯುತ್ತೇನೆ. ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರು. ಟಿಬೆಟನ್ನರಿಗೂ ಅದು ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದವು. ಆ ಹುಡುಗ ಇಲ್ಲಿಯೇ ಹುಟ್ಟಿದವನು. ಯಾರಿಗೆ ನಾನು ಜಾಗದ ಹಂಗು ನೆನಪಿಸಿದೆನೋ, ಅವನು ಈ ದೇಶಕ್ಕೆ ನನ್ನಷ್ಟೇ ಹಕ್ಕುದಾರನಾಗಿದ್ದ. ಹಕ್ಕು ಇಲ್ಲದಿದ್ದರೂ ನನ್ನ ಮಾತು ತಪ್ಪೇ ಆಗುತ್ತಿತ್ತು. ಆಶ್ರಯ ಕೊಟ್ಟವನು ಅನ್ನವನ್ನೂ ಸೂರನ್ನೂ ಕೊಟ್ಟಿರಬಹುದು. ಅದರ ಬದಲಿಗೆ ಇನ್ನೊಬ್ಬರ ಮನಸ್ಸನ್ನು ಒತ್ತೆ ಇಟ್ಟುಕೊಳ್ಳಲಾಗದು.

ಹದಿಹರೆಯದ ಮಕ್ಕಳು ಓದು ಬಿಟ್ಟು ಪ್ರೇಮಪತ್ರ ಬರೆಯಲಿ ಎಂದು ನಾನು ಹೇಳುತ್ತಿಲ್ಲ. ಕಾಗದ ಸಿಕ್ಕಾಗ ಬುದ್ಧಿ ಹೇಳುವುದು ಮೇಷ್ಟ್ರ ಕೆಲಸವೇ. ಆದರೆ ಬುದ್ಧಿ ಹೇಳುವುದು ಬೇರೆ, ಹಂಗಿಸುವುದು ಬೇರೆ. ನಮ್ಮ ಹುಡುಗ ಬರೆದಿದ್ದರೆ ಕಿವಿ ಹಿಂಡಿ ಬಿಡುತ್ತಿದ್ದೆ. ಅವನಿಗೆ ಅವನ ಜನಾಂಗದ ದುರದೃಷ್ಟವನ್ನೇ ಎತ್ತಿ ಆಡಿದೆ.

ನಿರಾಶ್ರಿತರು ಎಂದರೆ ಸದಾ ಕೈಮುಗಿದು ನಿಂತಿರಬೇಕು, ಅಳುತ್ತಿರಬೇಕು, ಸಾಧ್ಯವಾದರೆ ಸಂತರಾಗಿರಬೇಕು ಎಂದು ಬಯಸುತ್ತೇವೆ. ಅವರೂ ನಮ್ಮ ಹಾಗೆಯೇ ನಗುವುದು, ಮುನಿಯುವುದು, ಮೋಹಿಸುವುದು ಕಂಡರೆ ಕಸಿವಿಸಿಯಾಗುತ್ತದೆ. ಆನ್ ಫ್ರಾಂಕಳ ಒಲವನ್ನು ಮಕ್ಕಳಿಗೆ ಹೇಳಬೇಕಾದದ್ದು ಇದಕ್ಕಾಗಿಯೇ. ಸತ್ತವರ ಸಂಖ್ಯೆ ಕೇಳಿದ ಮಗು ಅಯ್ಯೋ ಪಾಪ ಎನ್ನುತ್ತದೆ. ಆಕೆಗೂ ತನ್ನಂತೆಯೇ ಒಂದು ಮನಸ್ಸಿತ್ತು ಎಂದು ತಿಳಿದ ಮಗು ಮುಂದೆ ಯಾರನ್ನೂ ಹಂಗಿಸಲಾರದು.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅವನು ಈ ಬರಹವನ್ನು ಓದುವ ಸಾಧ್ಯತೆ ಕಡಿಮೆ. ಆದರೂ ಕ್ಷಮೆ ಕೇಳಿ ಇಲ್ಲಿ ಬರೆದಿಡುತ್ತಿದ್ದೇನೆ. ಅಂದು ಅದೇ ತರಗತಿಯಲ್ಲಿ ಕುಳಿತಿದ್ದ ನಿಮ್ಮಲ್ಲಿ ಕೆಲವರಿಗೆ ಇದು ನೆನಪಿರಬಹುದು. ನನ್ನ ಮಾತು ಒಪ್ಪಿಗೆಯಾಗದವರು ಹಾಗೆಂದೇ ಬರೆಯಿರಿ. ಗೃಹಪ್ರವೇಶದಲ್ಲಿ ಸಿಕ್ಕ ಆ ಹಿರಿಯರಿಗೂ ಇದನ್ನು ಓದಿ ಹೇಳಿದರೆ ಸಂತೋಷ.